ತಡವಾದ ವಿಮಾನಕ್ಕೆ ಮಮತಾ ಬರೆದ ದೂರು

ಮಧುರಾ ಹುಟ್ಟಿ ಮೂರು ತಿಂಗಳಾಗಿತ್ತು. ಅವಳ ಅಪ್ಪ ಅವಳನ್ನು ಇನ್ನೂ ಎತ್ತಿಕೊಂಡಿರಲಿಲ್ಲ.

ಅಪ್ಪ ಉದಯ ನಾಯ್ಕ ಸರಕಿನ ಹಡಗಿನಲ್ಲಿ ಫಿಟ್ಟರ್. ಒಮ್ಮೆ ಹಡಗು ಹತ್ತಿದರೆ ಮನೆಗೆ ಬರುವುದು ಒಂಬತ್ತು ತಿಂಗಳ ಮೇಲೆ. ಹೆಂಡತಿ ಮಮತಾ ಏಳು ತಿಂಗಳ ಬಸುರಿಯಾಗಿದ್ದಾಗ ಹೋದವನು. ಸಿರ್ಸಿ ಪಕ್ಕದ ಇಸಳೂರಿನ ಮನೆಯಲ್ಲಿ ಮಮತಾ, ಮಗು, ಅತ್ತೆ ದುರ್ಗಿ ಇದ್ದರು. ಫೋನು ಸಿಕ್ಕ ದಿನ ಉದಯ ಮೊದಲು ಕೇಳುತ್ತಿದ್ದದ್ದು, "ಕೂಸು ಯಾರ ಹಾಗೆ ಕಾಣ್ತದೆ?" ಎಷ್ಟು ಫೋಟೋ ಕಳಿಸಿದರೂ ಅದನ್ನೇ ಕೇಳುತ್ತಿದ್ದ.

ನವೆಂಬರಿನಲ್ಲಿ ಒಂದು ದಿನ ಅವನ ದನಿಯೇ ಬೇರೆ ಇತ್ತು.

"ಮಮತಾ, ಗುರುವಾರ ಹಡಗು ಮುಂಬೈಗೆ ಬರ್ತದೆ. ಸಂಜೆಗೆ ಮತ್ತೆ ಹೊರಡ್ತದೆ. ಹನ್ನೆರಡರಿಂದ ನಾಲ್ಕು ಗಂಟೆವರೆಗೆ ನಂಗೆ ಹೊರಗೆ ಬಿಡ್ತಾರೆ. ಕೂಸನ್ನೂ ಅಮ್ಮನ್ನೂ ಕರ್ಕೊಂಡು ಬರ್ತೀಯಾ?"

"ಬುಧವಾರ ಸಂಜೆ ಸಿರ್ಸಿಯಿಂದ ಬಸ್ಸು ಅದೆ. ಬೆಳಗಾಗೂದ್ರೊಳಗೆ ಮುಂಬೈ," ಎಂದರು ದುರ್ಗಿ.

"ಇಷ್ಟು ಸಣ್ಣ ಕೂಸಿಗೆ ರಾತ್ರಿಯಿಡೀ ಬಸ್ಸು ಎಂತಕ್ಕೆ ಅತ್ತೆ? ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋದ್ರೆ ಬರೀ ಒಂದು ತಾಸು," ಎಂದಳು ಮಮತಾ.

ಬೆಳಿಗ್ಗೆ ಎಂಟೂವರೆಯ ವಿಮಾನಕ್ಕೆ ಟಿಕೆಟ್ ಮಾಡಿಸಿದರು. ನಸುಕಿನಲ್ಲೇ ಮನೆ ಬಿಟ್ಟು ಏಳಕ್ಕೆ ಹುಬ್ಬಳ್ಳಿ ನಿಲ್ದಾಣ ಮುಟ್ಟಿದರು. ಎಂಟಾಯಿತು, ಎಂಟೂವರೆಯೂ ಆಯಿತು. ವಿಮಾನದ ಸುಳಿವಿಲ್ಲ.

"ಸ್ವಲ್ಪ ತಡಾ ಆಗ್ತೈತ್ರಿ. ಇನ್ನರ್ಧ ತಾಸು ಕುಂದರ್ರಿ," ಎಂದಳು ಕೌಂಟರಿನ ಹುಡುಗಿ.

ಒಂಬತ್ತಕ್ಕೆ ಅದೇ ಮಾತು. ಹತ್ತೂವರೆಗೆ ಅದೇ ಮಾತು. ಮಮತಾ ಮಗುವನ್ನು ಎತ್ತಿಕೊಂಡು ವಿಮಾನಗಳ ಸಮಯ ತೋರಿಸುವ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆದು ಗಂಡನಿಗೆ ಕಳಿಸಿದಳು. 'ತಡ ಅಂತೆ. ಬರ್ತೇವೆ. ಕಾಯ್ತಾ ಇರಿ.' ಹನ್ನೆರಡೂಕಾಲಿಗೆ ಅವನ ಉತ್ತರ ಬಂತು. 'ಬಂದರಿನ ಗೇಟಿನ ಹೊರಗೆ ನಿಂತಿದ್ದೇನೆ. ಹೊಸ ಅಂಗಿ ಹಾಕಿದ್ದೇನೆ. ಹೊರಟ್ರಾ?'

ಮಧ್ಯಾಹ್ನದ ಊಟವನ್ನು ಯಾರೂ ಕೊಡಲಿಲ್ಲ. ದುರ್ಗಿ ಸೊಸೆಗೆಂದು ಕ್ಯಾಂಟೀನಿನಲ್ಲಿ ಇಡ್ಲಿ ಕೊಂಡು ತಂದರು. ಮಮತಾ ಮತ್ತೆ ಕೌಂಟರಿಗೆ ಹೋಗಿ, "ಏನ್ ತೊಂದ್ರೆ ಅಂತಾದ್ರೂ ಹೇಳಿ" ಎಂದಾಗ, "ಪೈಲಟ್ ಬಂದಿಲ್ರಿ" ಎಂಬ ಉತ್ತರ ಬಂತು. ಎರಡಕ್ಕೆ ಉದಯ ಬರೆದ: 'ಇನ್ನೂ ಇದ್ದೇನೆ.' ಮೂರೂವರೆಗೆ ಬರೆದ: 'ಹೊರಟಿದ್ದೀರಿ ಅಂತ ಒಂದು ಸಲ ಹೇಳು.' ಮಮತಾ ಮಗು ನಿದ್ದೆ ಮಾಡುತ್ತಿರುವ ಫೋಟೋ ಕಳಿಸಿದಳು.

ವಿಮಾನ ಹೊರಟಾಗ ನಾಲ್ಕೂವರೆ.

ಮುಂಬೈ ಬಂದರಿನ ಗೇಟು ಮುಟ್ಟುವಾಗ ಕತ್ತಲಾಗಿತ್ತು. ಕಾವಲಿನವನು ಹೆಸರು ಕೇಳಿ ಉದಯ ಬಿಟ್ಟುಹೋಗಿದ್ದ ಒಂದು ಚೀಲ ಕೊಟ್ಟ. ಅದರಲ್ಲಿ ಹಳದಿ ಫ್ರಾಕು ಇತ್ತು. ಅಂದಾಜಿನ ಮೇಲೆ ತಂದದ್ದು, ಮಧುರಾಳಿಗೆ ಆಗಲೇ ಬಿಗಿ. ಅಷ್ಟರಲ್ಲಿ ಫೋನು ಬಂತು.

"ಗೇಟಿನ ಹತ್ರ ಇದ್ದೀಯಾ?" ಉದಯ ಕೇಳಿದ. "ನಾ ಹಡಗಿನ ಮೇಲಿದ್ದೇನೆ. ಇಲ್ಲಿಂದ ಆ ರಸ್ತೆ ದೀಪ ಕಾಣ್ತದೆ. ಕೂಸನ್ನ ಒಂಚೂರು ಫೋನಿನ ಹತ್ರ ಹಿಡಿ."

ಮಗು ಅಳುತ್ತಿತ್ತು. ಅವನು ಅದನ್ನೇ ಕೇಳಿಸಿಕೊಂಡ. ದುರ್ಗಿ "ತಮಾ, ಊಟ ಮಾಡಿದ್ಯಾ?" ಎಂದು ಕೂಗಿದರು. ಅದಕ್ಕೆ ಉತ್ತರ ಬರುವ ಮೊದಲೇ ಕರೆ ಕಡಿಯಿತು.

ಊರಿಗೆ ಬಂದ ಮೇಲೆ ಮಮತಾ ಹದಿನೈದು ದಿನ ಊರಿನ ಮಹಿಳಾ ಸಂಘದ ಸಭೆಗೆ ಹೋಗಲಿಲ್ಲ. ಆಮೇಲೆ ತನುಜಾ ತಾನೇ ಮನೆಗೆ ಬಂದಳು. ಅವಳು ಅದೇ ಸಂಘದವಳು, ಸಿರ್ಸಿಯ ಕಾನೂನು ನೆರವು ಕೇಂದ್ರದಲ್ಲಿ ಸ್ವಯಂಸೇವಕಿ. ನಡೆದದ್ದನ್ನೆಲ್ಲ ಕೇಳಿ, "ದೂರು ಕೊಟ್ರಾ?" ಎಂದಳು.

"ವಿಮಾನದವ್ರ ಮೇಲೆ ದೂರಾ?" ದುರ್ಗಿಗೆ ಸಿಟ್ಟೇ ಬಂತು. "ಬಸ್ಸು ತಡ ಆದ್ರೆ ದೂರು ಕೊಡ್ತೇವಾ? ಹಣ ಬಂದ್ರೂ ನನ್ನ ಮಗನ ಮುಖ ನೋಡಿದ ಹಾಗೆ ಆಗ್ತದಾ?"

"ಆಗೂದಿಲ್ಲ ದುರ್ಗಕ್ಕ. ಆ ನಾಲ್ಕು ತಾಸು ಯಾರೂ ತಂದುಕೊಡೂದಿಲ್ಲ," ಎಂದಳು ತನುಜಾ. "ಆದ್ರೆ ಕೇಳಿ. ಇಷ್ಟು ಹತ್ತಿರದ ವಿಮಾನ ಎರಡು ತಾಸಿಗಿಂತ ತಡ ಆದ್ರೆ ಕಾಯೂವವ್ರಿಗೆ ಊಟ-ತಿಂಡಿ ಕಂಪನಿಯವ್ರೇ ಕೊಡ್ಬೇಕು. ಆರು ತಾಸು ಮೀರ್ತದೆ ಅಂತ ಗೊತ್ತಿದ್ರೆ ಒಂದು ದಿನ ಮುಂಚೇನೇ ತಿಳಿಸ್ಬೇಕು. ಬೇರೆ ವಿಮಾನ ಬೇಕಾ, ಪೂರ್ತಿ ಹಣ ವಾಪಸ್ ಬೇಕಾ ಅಂತ ಕೇಳ್ಬೇಕು. ಇದು ಸರ್ಕಾರದ ನಿಯಮ. ನಿಮ್ಗೆ ಯಾರಾದ್ರೂ ಕೇಳಿದ್ರಾ?"

"ಇಲ್ಲ," ಎಂದಳು ಮಮತಾ.

"ಮಂಜು, ಬಿರುಗಾಳಿಯಿಂದ ತಡ ಆದ್ರೆ ಮಾತು ಬೇರೆ. ಅದು ಯಾರ ಕೈಲೂ ಇಲ್ಲ. ಪೈಲಟ್ ಬರ್ಲಿಲ್ಲ ಅಂದ್ರೆ ಅದು ಅವ್ರದ್ದೇ ತಪ್ಪು. ತಡಕ್ಕೆ ಇಷ್ಟೇ ಪರಿಹಾರ ಅಂತ ಲೆಕ್ಕ ಕಟ್ಟಿ ಇಟ್ಟಿಲ್ಲ. ಸೇವೆ ಸರಿ ಇರ್ಲಿಲ್ಲ ಅಂತ ಗ್ರಾಹಕ ಆಯೋಗಕ್ಕೆ ಹೇಳಿ ನಾವೇ ಕೇಳ್ಬೇಕು."

"ವಕೀಲರ ಫೀ?" ಎಂದರು ದುರ್ಗಿ.

"ವಕೀಲರೇ ಬೇಕಂತಿಲ್ಲ. ಟಿಕೆಟಿನ ಬೆಲೆ ಐದು ಲಕ್ಷದೊಳಗೆ ಇದ್ರೆ ಆಯೋಗಕ್ಕೆ ಶುಲ್ಕವೂ ಇಲ್ಲ. ಕಂಪನಿ ಆಫೀಸು ಎಲ್ಲೇ ಇರ್ಲಿ, ನಮ್ಮ ಜಿಲ್ಲೆಯ ಕಾರವಾರದಲ್ಲೇ ದೂರು ಕೊಡ್ಬಹುದು. ಎರಡು ವರ್ಷದೊಳಗೆ ಕೊಟ್ರಾಯ್ತು."

ದುರ್ಗಿ ಒಪ್ಪಲಿಲ್ಲ. ಆದರೆ ಮಮತಾ ಎದ್ದುಹೋಗಿ ಕಪಾಟಿನಿಂದ ಬೋರ್ಡಿಂಗ್ ಪಾಸ್ ತಂದಳು.

ಮೊದಲು ಕಂಪನಿಗೇ ಇಮೇಲ್ ಬರೆದರು. 'ಅನಾನುಕೂಲಕ್ಕೆ ವಿಷಾದ' ಎಂಬ ಒಂದು ಸಾಲಿನ ಜತೆ ಮುಂದಿನ ಪ್ರಯಾಣಕ್ಕೆ ಐನೂರು ರೂಪಾಯಿಯ ಕೂಪನ್ ಬಂತು. ಸರ್ಕಾರದ ಏರ್‌ಸೇವಾ ಆ್ಯಪಿನಲ್ಲಿ ದೂರು ಹಾಕಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರು. ಕಂಪನಿ ಹೇಳಿದ್ದನ್ನೇ ಹೇಳಿತು. ಕೊನೆಗೆ ಇ-ಜಾಗೃತಿ ಜಾಲತಾಣದಲ್ಲಿ ಆಯೋಗಕ್ಕೆ ದೂರು ಬರೆಯಲು ಕುಳಿತರು.

"ಸಾಕ್ಷಿ ಎಂತ ಅದೆ?" ತನುಜಾ ಕೇಳಿದಳು.

ಟಿಕೆಟ್ ಇತ್ತು, ಇಡ್ಲಿಯ ಬಿಲ್ಲು ಇತ್ತು, ಬೋರ್ಡಿನ ಮುಂದೆ ಮಗುವಿನ ಫೋಟೋ ಇತ್ತು. ಆ ದಿನದ ಗಂಟೆ-ಗಂಟೆಯೂ ಗಂಡ-ಹೆಂಡಿರ ಸಂದೇಶಗಳಲ್ಲಿತ್ತು. ಮಮತಾ ಫೋನನ್ನು ಎದೆಗೆ ಒತ್ತಿ ಹಿಡಿದಳು.

"ಇದನ್ನೆಲ್ಲ ಅವ್ರು ಓದ್ಬೇಕಾ ತನುಜಕ್ಕ? 'ಹೊಸ ಅಂಗಿ ಹಾಕಿದ್ದೇನೆ' ಅಂತ ಬರೆದದ್ದೂ?"

"ನಿಂಗೆ ಮನಸ್ಸಿಲ್ದಿದ್ರೆ ಬೇಡ."

ಮಮತಾ ಫೋನನ್ನು ತನುಜಾಳ ಕೈಗೆ ಕೊಟ್ಟು, "ಓದ್ಲಿ. ಎಂತ ಕಳ್ಕೊಂಡ್ವಿ ಅಂತ ಅವ್ರಿಗೆ ಗೊತ್ತಾಗ್ಲಿ," ಎಂದಳು.

ಏಪ್ರಿಲಿನಲ್ಲಿ ಉದಯ ಮನೆಗೆ ಬಂದ. ಮಧುರಾಳಿಗೆ ಆಗ ಎಂಟು ತಿಂಗಳು. ಅವನು ಕೈ ಚಾಚಿದರೆ ಅವಳು ಚೀರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಎಂಟು ದಿನ ಅವನು ದೂರದಲ್ಲೇ ಕುಳಿತು ಅವಳು ಆಡುವುದನ್ನು ನೋಡಿದ. ಒಂಬತ್ತನೆಯ ದಿನ ಅವಳೇ ಅಂಬೆಗಾಲಿಟ್ಟು ಬಂದು ಅವನ ಮೊಣಕಾಲು ಹಿಡಿದಳು.

ಕಾರವಾರದಲ್ಲಿ ವಿಚಾರಣೆ ನಡೆದದ್ದು ಜೂನಿನಲ್ಲಿ. ಉದಯ ಮುಂದಿನ ಹಡಗಿನ ಕೆಲಸಕ್ಕಾಗಿ ಮುಂಬೈಗೆ ಹೋಗಿದ್ದ. 'ನಾ ಬರೀ ಮಗು ಹಿಡ್ಕೊಳ್ಳಲಿಕ್ಕೆ ಬರೂದು' ಎನ್ನುತ್ತಲೇ ದುರ್ಗಿ ಜತೆಗೆ ಹೊರಟರು.

ಆಯೋಗ ಕೇಳಿದ್ದರಿಂದ ಕಂಪನಿಯವರು ತಮ್ಮ ದಾಖಲೆ ತಂದಿದ್ದರು. ಪೈಲಟ್ ಇಲ್ಲವೆಂದು ಅವರಿಗೆ ಗೊತ್ತಾದದ್ದು ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ. ಅದನ್ನು ಓದಿ ಹೇಳಿದಾಗ ಹಿಂದಿನ ಬೆಂಚಿನಲ್ಲಿದ್ದ ದುರ್ಗಿ ಮಗುವಿನ ಸಮೇತ ಎದ್ದು ನಿಂತರು.

"ಗೊತ್ತಿತ್ತಾ ನಿಮ್ಗೆ? ಬುಧವಾರವೇ ಗೊತ್ತಿತ್ತಾ? ಸಂಜೆ ನಮ್ಗೆ ಬಸ್ಸಿತ್ತಲ್ರೋ! ಒಂದು ಮಾತು ಹೇಳಿದ್ರೆ ನಾವು ಬಸ್ಸಿಗೆ ಹೋಗ್ತಿದ್ವಿ. ನನ್ನ ಮಗ ನಾಲ್ಕು ತಾಸು ಬಿಸ್ಲಲ್ಲಿ ನಿಂತಿದ್ದ."

ಆಯೋಗದ ಅಧ್ಯಕ್ಷೆ, "ಕೂತ್ಕೊಳ್ಳಿ ಅಮ್ಮಾ, ನಿಮ್ಮ ಮಾತು ಕೇಳಿದ್ದೇವೆ," ಎಂದು ಮೆಲ್ಲಗೆ ಹೇಳಿದರು.

ಆದೇಶ ಬಂದದ್ದು ಆಗಸ್ಟಿನಲ್ಲಿ. ಟಿಕೆಟಿನ ಹಣ, ಮನಸ್ಸಿಗಾದ ನೋವಿಗೆ ಮೂವತ್ತು ಸಾವಿರ ಪರಿಹಾರ, ದೂರಿನ ಖರ್ಚು, ಎಲ್ಲವನ್ನೂ ಕೊಡಬೇಕೆಂದು ಅದರಲ್ಲಿತ್ತು. ಉದಯ ಮತ್ತೆ ಸಮುದ್ರದ ಮೇಲಿದ್ದ. ಫೋನು ಸಿಕ್ಕ ದಿನ ಮಮತಾ ಅವನಿಗೆ ಆದೇಶವನ್ನು ಓದಿ ಹೇಳಿದಳು. 'ಮುಂಚಿತವಾಗಿ ತಿಳಿದಿದ್ದರೂ ತಿಳಿಸದೆ, ತಂದೆಯು ಮಗುವನ್ನು ಕಾಣುವ ಅವಕಾಶವನ್ನು ತಪ್ಪಿಸಲಾಗಿದೆ' ಎಂಬ ಸಾಲು ಬಂದಾಗ ಅವನು, "ಅದನ್ನ ಮತ್ತೊಂದು ಸಲ ಓದು," ಎಂದ. ಓದಿದಳು.

ಕಳೆದ ವಾರ ದುರ್ಗಿಯ ತಮ್ಮನ ಮಗಳು ಗೋವಾದ ವಿಮಾನ ನಿಲ್ದಾಣದಿಂದ ಫೋನು ಮಾಡಿ ವಿಮಾನ ತಡವೆಂದು ಗೋಳಾಡಿದಳು. ದುರ್ಗಿ ಕೇಳಿದರು: "ಬೋರ್ಡಿನ ಫೋಟೋ ತೆಗೆದ್ಯಾ? ತಡ ಎಂತಕ್ಕೆ ಅಂತ ಬರೆದು ಕೊಡ್ಲಿಕ್ಕೆ ಹೇಳಿದ್ಯಾ? ಮೊದ್ಲು ಹೋಗಿ ಊಟ ಕೇಳು."

ಓದುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ವಿಮಾನ ಹತ್ತುವವರೆಲ್ಲ ಸಿರಿವಂತರಲ್ಲ. ಯಾರದೋ ಮುಖ ನೋಡುವ ಆಸೆಗೆ ಕೂಡಿಟ್ಟ ದುಡ್ಡಿನಲ್ಲಿ ಹೋಗುವವರೂ ಇದ್ದಾರೆ. ನಿಮ್ಮ ವಿಮಾನ ಬಹಳ ತಡವಾದರೆ ಸುಮ್ಮನೆ ಕೂರಬೇಡಿ. ಟಿಕೆಟು, ಬೋರ್ಡಿಂಗ್ ಪಾಸು, ಸಂದೇಶ, ಬಿಲ್ಲು ಜೋಪಾನ ಮಾಡಿ. ಕಂಪನಿಗೆ ಬರೆಯಿರಿ. ಅವರು ಕೇಳದಿದ್ದರೆ ಏರ್‌ಸೇವಾಕ್ಕೆ ಬರೆಯಿರಿ, 1915ಕ್ಕೆ ಫೋನು ಮಾಡಿ, ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಿ. ನಿಮಗಾಗಿ ಒಬ್ಬರು ಎಲ್ಲೋ ಬಾಗಿಲಲ್ಲಿ ಕಾದು ನಿಂತಿರುತ್ತಾರೆ. ಆ ಕಾಯುವಿಕೆಗೆ ಬೆಲೆ ಇದೆ ಎಂದು ಹೇಳಬೇಕಾದವರು ನೀವೇ.