ಒಬ್ಬರಿಗೆ ಮಾತ್ರ ಅನುಮತಿ

ಟ್ರೆವರನ ಹೆಬ್ಬೆರಳು ಗ್ಲೆಂಡಾಳ ಮೊಣಕೈಯ ಒಳಮಗ್ಗುಲಲ್ಲಿ ಮೆತ್ತನೆಯ ಗುಳಿಯೊಂದನ್ನು ಹುಡುಕಿ ಒತ್ತಿತು. ಸಾಲಿನಲ್ಲಿ ಹಿಂದೆ ನಿಂತವರಿಗೆ ಗಂಡ ಹೆಂಡತಿಯ ತೋಳು ಹಿಡಿದುಕೊಂಡಂತೆ ಕಾಣುತ್ತಿತ್ತು. ನೋವು ಭುಜದವರೆಗೆ ಏರಿ ಅಲ್ಲಿಯೇ ನಿಂತಿತು.

“ನಗು,” ಎಂದ ಅವನು, ತುಟಿ ಅಲ್ಲಾಡಿಸದೆ. “ರಜಾಕ್ಕೆ ಹೊರಟಿದೀವಿ ಕಣೇ, ಯಾರದೋ ಹೆಣ ಎತ್ತೋಕಲ್ಲ.”

ಗ್ಲೆಂಡಾ ನಕ್ಕಳು.

ಸೌತಾಂಪ್ಟನ್ನಿನ ಹಡಗುಕಟ್ಟೆಯ ಹಜಾರದಲ್ಲಿ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಎಲ್ಲರೂ ಅವರ ವಯಸ್ಸಿನವರೇ, ಇಲ್ಲವೇ ಇನ್ನೂ ಹಿರಿಯರು. ಹೊಸ ಬಿಳಿ ಬೂಟು, ಹೊಸ ಮಂಡಿಚಿಪ್ಪು, ಕೊರಳಿಗೆ ನೇತುಹಾಕಿಕೊಂಡ ಗುರುತಿನ ಚೀಟಿ. ದೊಡ್ಡ ಪೆಟ್ಟಿಗೆಗಳನ್ನು ಬಾಗಿಲಲ್ಲೇ ಕೂಲಿಯವರು ತೆಗೆದುಕೊಂಡು ಹೋಗಿಯಾಗಿತ್ತು. ಗಾಜಿನಾಚೆ ಹಡಗಿನ ಬಿಳಿ ಪಕ್ಕೆ ಎಷ್ಟು ಎತ್ತರವಿತ್ತೆಂದರೆ ಆಕಾಶ ಕಾಣುತ್ತಿರಲಿಲ್ಲ.

ಮುಂದೆ ನಿಂತಿದ್ದ ಸ್ವಿಂಡನ್ ಊರಿನ ಮುದುಕ ಕೋಲೂರಿ ತಿರುಗಿದ. “ಹತ್ತೋವಾಗ ನಾವು ಪ್ರಯಾಣಿಕರು, ಇಳಿಯೋವಾಗ ಸರಕು. ಹೋದ ಸಲ ತಿಂದು ತಿಂದು ಇವಳ ಪ್ಯಾಂಟಿನ ಗುಂಡಿ ಹಾರಿ ಮಾಣಿಯ ಹಣೆಗೆ ಬಡೀತು.”

“ಗುಂಡಿ ಹಾರಿದ್ದು ನಿಮ್ಮದು,” ಎಂದಳು ಅವನ ಹೆಂಡತಿ.

ಟ್ರೆವರ್ ಎಲ್ಲರಿಗಿಂತ ಜೋರಾಗಿ ನಕ್ಕ. ವಿಲ್ಲೆನ್‌ಹಾಲ್‌ನಲ್ಲಿ ಅವರ ಬೀದಿಯ ತುಂಬ ಅದೇ ಮಾತು: ಟ್ರೆವರ್ ಇದ್ದರೆ ನಗುವಿಗೆ ಬರವಿಲ್ಲ.

ಕೌಂಟರಿನಲ್ಲಿದ್ದ ಹೆಂಗಸಿನ ಎದೆಯ ಪಟ್ಟಿಯ ಮೇಲೆ ಶೆರಿಲ್ ಎಂದಿತ್ತು. ಇಬ್ಬರ ಪಾಸ್‌ಪೋರ್ಟನ್ನೂ ಯಂತ್ರದ ಮೇಲೆ ಒಂದಾದ ಮೇಲೊಂದು ಇಟ್ಟಳು. ಮೊದಲನೆಯದಕ್ಕೆ ಹಸಿರು ಬೆಳಕು ಬಂತು. ಎರಡನೆಯದಕ್ಕೆ ಬರಲಿಲ್ಲ. ಇನ್ನೊಮ್ಮೆ ಇಟ್ಟಳು.

“ಸರ್, ನಿಮ್ಮ ಯುರೋಪ್ ಅನುಮತಿ ತೋರಿಸ್ತಾ ಇಲ್ಲವಲ್ಲ.”

“ಯಾವ ಅನುಮತಿ?”

“ಪ್ರವೇಶಕ್ಕೆ. ಹೊಸ ನಿಯಮ ಸರ್. ನಮ್ಮ ಪಾಸ್‌ಪೋರ್ಟ್ ಇರೋವ್ರು ಮುಂಚೇನೇ ಅರ್ಜಿ ಹಾಕಿರಬೇಕು.”

“ಇದೇ ಬಾಗಿಲಿಂದ ವರ್ಷಾ ವರ್ಷಾ ಹೋಗಿದೀನಮ್ಮಾ. ಹಡಗು ನಮ್ಮದು, ಕಟ್ಟೆ ನಮ್ಮದು. ಯುರೋಪಿನವರಿಂದ ಬಿಡಿಸ್ಕೊಳ್ಳೋಕೆ ವೋಟು ಹಾಕಿದ್ದು ವಾಪಸ್ ಹೋಗಿ ಸ್ಪೇನಿನವನ ಮುಂದೆ ಕೈ ಒಡ್ಡೋಕಲ್ಲ.”

“ಮುಂಚೆ ನೀವು ಹೋಗಿದ್ದು ತಿರುಗಿ ಇಲ್ಲಿಗೇ ಬರೋ ಹಡಗು ಇರಬೇಕು. ಇದು ನಿಮ್ಮನ್ನ ಬಾರ್ಸಿಲೋನಾದಲ್ಲಿ ಇಳಿಸಿ ಬಿಡುತ್ತೆ, ಅಲ್ಲಿಂದ ವಿಮಾನ. ಅವರು ಹೂಂ ಅನ್ನದೆ ನಾನು ಹತ್ತಿಸೋ ಹಾಗಿಲ್ಲ.” ಶೆರಿಲ್ ಅವನನ್ನು ಸಮಾಧಾನಪಡಿಸುವಂತೆ ನಕ್ಕಳು. “ನೋಡಿ, ನಿಮ್ಮ ಮನೆಯವರು ಎಷ್ಟು ಜಾಣೆ. ಅವರದ್ದು ಮಾರ್ಚ್‌ನಲ್ಲೇ ಬಂದುಬಿಟ್ಟಿದೆ.”

ಹೆಬ್ಬೆರಳು ಮೊಣಕೈ ಬಿಟ್ಟಿತು. ಒತ್ತಿದ್ದೇ ವಾಸಿಯಾಗಿತ್ತು.

“ಹೌದಾ?” ಎಂದ ಟ್ರೆವರ್, ಮೆಲ್ಲಗೆ. “ಜಾಣೆ.”

ಪಾಸ್‌ಪೋರ್ಟುಗಳು ಅವನ ತಗಡಿನ ಪೆಟ್ಟಿಗೆಯಲ್ಲಿರುತ್ತಿದ್ದವು. ಅವನು ಬೀಗದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆ ಮನೆಯಲ್ಲಿ ಸಕ್ಕರೆ ಡಬ್ಬಿ ಬಿಟ್ಟು ಬೇರೆಲ್ಲಕ್ಕೂ ಕೀಲಿ ಇತ್ತು. ಗ್ಲೆಂಡಾಳ ಹೊಸ ಪಾಸ್‌ಪೋರ್ಟು ಅಂಚೆಯಲ್ಲಿ ಬಂದ ದಿನ ಅವನು ಚೆಂಡಾಟದ ಕ್ಲಬ್ಬಿಗೆ ಹೋಗಿದ್ದ. ಅವಳು ಅದನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದಳು. ಪಾಮೆಲಾ ಅಡುಗೆಮನೆಯ ಮೇಜಿನ ಮೇಲೆ ಯುರೋಪ್ ಅನುಮತಿಗೆ ತನ್ನ ಅರ್ಜಿ ತುಂಬುತ್ತಿದ್ದಳು. “ಬಂದು ಕೂತಿದೀಯಲ್ಲ, ನಿಂದೂ ಹಾಕಿಬಿಡೋಣ. ಟ್ರೆವರಂದು ನಂಬರ್ ಹೇಳು.” ಗೊತ್ತಿಲ್ಲ ಎಂದಳು ಗ್ಲೆಂಡಾ. ಕೇಳಿ ಹೇಳುತ್ತೇನೆ ಎಂದಳು. ಕೇಳಿದಳು ಕೂಡ. ಆ ಸಂಜೆ ಅವನು ಬಟಾಣಿಯ ಬಿಸಿ ಪಾತ್ರೆಯನ್ನು ಅವಳ ತೊಡೆಯ ಮೇಲೆ ಬೋರಲು ಹಾಕಿದ. ಸ್ಪೇನಿನವನ ಹೆಸರೆತ್ತಿದ್ದಕ್ಕೆ. ತನ್ನದು ಆಗಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅದರ ಹಿಂದೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಇತ್ತೋ ಏನೋ.

“ಗಾಬರಿ ಬೇಡ,” ಎಂದಳು ಶೆರಿಲ್. “ಫೋನಲ್ಲೇ ಹಾಕಬಹುದು. ಬಹಳ ಜನಕ್ಕೆ ಕೂತಲ್ಲೇ ಉತ್ತರ ಬರುತ್ತೆ. ಅಲ್ಲಿ ಕುರ್ಚಿ ಇದೆ ನೋಡಿ. ಬಾಗಿಲು ಹಾಕೋಕೆ ಇನ್ನೂ ಟೈಮ್ ಇದೆ.”

ಗೋಡೆಯ ಪಕ್ಕ, ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳಿದ್ದವು. ಟ್ರೆವರ್ ಅವಳನ್ನು ಗೋಡೆಯ ಕಡೆಗೆ ಕೂರಿಸಿ ತಾನು ಹೊರಗಡೆ ಕೂತ. ಫೋನನ್ನು ಅವಳ ಮಡಿಲಿಗೆ ಎಸೆದ.

“ಬರಿ. ನಿನ್ನಿಂದ ನನ್ನ ಕನ್ನಡಕ ಹೋಯ್ತಲ್ಲ.”

ಹಿಂದಿನ ರಾತ್ರಿ ಬಾಡಿಗೆ ಕೋಣೆಯಲ್ಲಿ ಅವನು ಅವಳ ಕೂದಲು ಹಿಡಿದು ತಲೆಯನ್ನು ಬೀರುವಿನ ಬಾಗಿಲಿಗೆ ಬಡಿದಿದ್ದ. ಸ್ನಾನದ ಮನೆಯ ದೀಪ ಆರಿಸಿರಲಿಲ್ಲ ಎಂಬ ಕಾರಣಕ್ಕೆ. ಎರಡನೆಯ ಸಲ ಬಡಿಯುವಾಗ ಅವನದೇ ಕನ್ನಡಕ ಮೂಗಿನಿಂದ ಜಾರಿ ಬಿತ್ತು, ಅವನದೇ ಹಿಮ್ಮಡಿ ಅದರ ಮೇಲೆ ಬಿತ್ತು. ಮೂರನೆಯ ಸಲ ಬಡಿದದ್ದು ಕನ್ನಡಕಕ್ಕಾಗಿ. ಬೆಳಿಗ್ಗೆ ಮನೆಯೊಡತಿ ಮೊಟ್ಟೆ, ಬೇಯಿಸಿದ ಬೀನ್ಸು ಬಡಿಸುತ್ತ ರಾತ್ರಿ ನಿದ್ದೆ ಬಂತೇ ಎಂದು ಕೇಳಿದಾಗ, ಹಾಸಿಗೆ ತುಂಬ ಮೆತ್ತಗಿತ್ತು ಎಂದು ಗ್ಲೆಂಡಾಳೇ ಹೇಳಿದ್ದಳು.

ಅವಳು ಹೆಸರು ಬರೆದಳು. ಹುಟ್ಟಿದ ಊರು, ತಂದೆತಾಯಿಯ ಹೆಸರು, ಪಾಸ್‌ಪೋರ್ಟಿನ ನಂಬರು. ಬೆರಳು ನಡುಗುತ್ತಿರಲಿಲ್ಲ. ಎಲ್ಲರೂ ನಡುಗುತ್ತದೆ ಎಂದುಕೊಳ್ಳುತ್ತಾರೆ. ಮೊದಲ ಕೆಲವು ವರ್ಷ ಮಾತ್ರ ನಡುಗುತ್ತದೆ.

ಟ್ರೆವರ್ ಅವಳ ಕಿವಿಯ ಹತ್ತಿರ ಬಗ್ಗಿದ. ದೂರದಿಂದ ನೋಡಿದ ಸ್ವಿಂಡನ್ನಿನ ಹೆಂಗಸು ಗಂಡನಿಗೆ ಏನೋ ಹೇಳಿ ಮುಗುಳ್ನಕ್ಕಳು.

“ಮಾರ್ಚಿಂದ ಬಚ್ಚಿಟ್ಟಿದೀಯ. ಪರವಾಗಿಲ್ಲ. ಇಲ್ಲಿ ಏನೂ ಮಾತಾಡಲ್ಲ ನಾನು. ಬಾಲ್ಕನಿ ಇರೋ ರೂಮು ತಗೊಂಡಿದೀನಿ, ಗೊತ್ತಲ್ಲ? ಏಳನೇ ಅಂತಸ್ತು. ಬಿಸ್ಕೇ ಕೊಲ್ಲಿ ದಾಟೋವಾಗ ರಾತ್ರಿ ಹೊರಗೆ ಕೂತು ಮಾತಾಡೋಣ. ಗಾಳಿ ಜೋರಿರುತ್ತೆ. ವಯಸ್ಸಾದವರು, ಒಂದು ಗ್ಲಾಸ್ ಜಾಸ್ತಿ ಕುಡಿದಿರ್ತಾರೆ, ಹಂಗೇ ಹೋಗಿಬಿಡ್ತಾರಂತೆ. ಹುಡುಕಿದ್ರೂ ಸಿಗಲ್ಲವಂತೆ.”

ಅವಳ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು, ಮಗುವಿಗೆ ಮಾಡುವಂತೆ, ಒಮ್ಮೆ ಎಳೆದ.

ಅವನು ಹಾಗೆಲ್ಲ ಮುಂಚಿತವಾಗಿ ಹೇಳುವವನಲ್ಲ. ಹೇಳಿದ್ದನ್ನು ಮಾಡದೆ ಬಿಟ್ಟವನೂ ಅಲ್ಲ. ಗ್ಲೆಂಡಾ ಮುಂದಿನ ಪುಟ ಒತ್ತಿದಳು.

ಕಳೆದ ಹತ್ತು ವರ್ಷದಲ್ಲಿ ನಿಮಗೆ ಯಾವುದಾದರೂ ಗಂಭೀರ ಅಪರಾಧಕ್ಕೆ ಶಿಕ್ಷೆಯಾಗಿದೆಯೇ ಎಂದು ಅಲ್ಲಿ ಕೇಳಿತ್ತು. ಕೆಳಗೆ ಪಟ್ಟಿ. ಕೊಲೆ. ತೀವ್ರ ಗಾಯ. ಹೌದು ಎನ್ನಲು ಒಂದು ಗುಂಡಿ, ಇಲ್ಲ ಎನ್ನಲು ಒಂದು.

“ಏನದು? ನಿಂತೆ ಯಾಕೆ?”

“ಶಿಕ್ಷೆ ಆಗಿದೆಯಾ ಅಂತ ಕೇಳ್ತಿದೆ.”

“ಇಲ್ಲ ಅಂತ ಒತ್ತು. ಅಲ್ಲಿ ಕೂತವನಿಗೇನು ಗೊತ್ತು ವಿಲ್ಲೆನ್‌ಹಾಲ್ ಸಮಾಚಾರ.”

ನಾಲ್ಕು ವರ್ಷದ ಹಿಂದೆ ಪಬ್ಬಿನಲ್ಲಿ ತನ್ನ ಕುರ್ಚಿ ಎಳೆದುಕೊಂಡ ಹುಡುಗನೊಬ್ಬನ ಮುಖಕ್ಕೆ ಬಿಯರಿನ ಗ್ಲಾಸು ಒಡೆದದ್ದಕ್ಕೆ ಟ್ರೆವರ್ ಜೈಲಿಗೆ ಹೋಗಿಬಂದಿದ್ದ. ಹುಡುಗನ ಒಂದು ಕಣ್ಣು ಹೋಯಿತು. ಟ್ರೆವರ್ ಒಳಗಿದ್ದಷ್ಟು ದಿನ ಗ್ಲೆಂಡಾ ಮನೆಯ ಎಲ್ಲ ಬಾಗಿಲು ತೆರೆದಿಟ್ಟುಕೊಂಡು ಮಲಗುತ್ತಿದ್ದಳು. ಚಳಿಗಾಲದಲ್ಲೂ. ಬೀದಿಯವರು ಆಕೆಯ ಕಷ್ಟಕ್ಕೆ ಮರುಗಿ ಕೇಕು ತಂದುಕೊಟ್ಟಿದ್ದರು.

ಅವಳು ಹೌದು ಒತ್ತಿದಳು. ದೇಶ, ವರ್ಷ, ಅಪರಾಧ ಕೇಳಿತು. ಬರೆದಳು. ಅವಳ ಜೀವನದಲ್ಲಿ ಅವನ ಬಗ್ಗೆ ಯಾರಿಗಾದರೂ ನಿಜ ಹೇಳಿದ್ದು ಅದೇ ಮೊದಲು. ಕಳಿಸು ಎಂಬುದನ್ನು ಒತ್ತಿ ಫೋನನ್ನು ಮಂಡಿಯ ಮೇಲಿಟ್ಟುಕೊಂಡಳು.

ಅವರು ಕಾದರು. ಸಾಲು ಕರಗುತ್ತಾ ಬಂತು. ಫೋನು ಒಮ್ಮೆ ಗುರ್ ಎಂದಿತು.

“ಏನಂತೆ?”

“ಅಧಿಕಾರಿಯೊಬ್ಬರು ನೋಡಬೇಕಂತೆ. ಕೆಲವು ದಿನ ಆಗಬಹುದಂತೆ.”

“ದಿನ? ಆ ಹೆಂಗಸು ಕೂತಲ್ಲೇ ಬರುತ್ತೆ ಅಂದ್ಲು. ಏನು ತಪ್ಪು ಒತ್ತಿದೆ ಮುಂಡೇದೆ?”

ಗ್ಲೆಂಡಾ ಹಜಾರವನ್ನು ನೋಡಿದಳು. ಕೌಂಟರಿನಲ್ಲಿ ಶೆರಿಲ್ ಇದ್ದಳು. ಸ್ವಿಂಡನ್ನಿನವರು ನೀಲಿ ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಾಗಿಲ ಬಳಿ ಮೂವರು ಕಾವಲಿನವರು. ಮೇಲೆ ದೀಪಗಳೆಲ್ಲ ಉರಿಯುತ್ತಿದ್ದವು. ಮುಚ್ಚಲು ಇಲ್ಲಿ ಒಂದು ಪರದೆಯೂ ಇರಲಿಲ್ಲ.

“ತಪ್ಪೇನೂ ಒತ್ತಿಲ್ಲ,” ಎಂದಳು. ದನಿ ಏರಿಸಿಯೇ ಹೇಳಿದಳು. “ಹೌದು ಅಂತ ಒತ್ತಿದೆ. ಆ ಹುಡುಗನ ಕಣ್ಣು ತೆಗೆದಿದ್ದು ಹೇಳಿದೆ.”

ಮೊದಲ ಏಟು ದವಡೆಗೆ ಬಿತ್ತು. ಮನೆಯಲ್ಲಿ ಅವನು ಗುರುತು ಉಳಿಯದ ಜಾಗ ನೋಡಿ ಹೊಡೆಯುತ್ತಿದ್ದ, ಇಂದು ನೋಡಲಿಲ್ಲ. ಅವಳ ತಲೆ ಗೋಡೆಗೆ ಬಡಿಯಿತು, ಬಾಯಲ್ಲಿ ಒಂದು ಹಲ್ಲು ಸಡಿಲವಾಗಿ ನಾಲಿಗೆಯ ಮೇಲೆ ಉರುಳಿತು. ಎರಡನೆಯ ಏಟಿಗೆ ಅವಳು ಕುರ್ಚಿಗಳ ನಡುವೆ ಬಿದ್ದಳು. ಕಬ್ಬಿಣದ ಕಾಲಿನ ಅಂಚಿಗೆ ತಗುಲಿ ಅಂಗೈ ಉದ್ದಕ್ಕೆ ಸೀಳಿತು. ಆಮೇಲೆ ಬೂಟು. ಪಕ್ಕೆಗೆ, ಮತ್ತೆ ಪಕ್ಕೆಗೆ, ಹೊಟ್ಟೆಗೆ. ಅವನು ಸೌದೆ ಒಡೆಯುವವನ ಹಾಗೆ ಒಂದೊಂದು ಸಲಕ್ಕೂ ಉಸಿರು ಬಿಡುತ್ತಿದ್ದ.

ಹಜಾರದಲ್ಲಿ ಯಾರೋ ಹೆಂಗಸು ಕಿರುಚಿದಳು.

“ಬಿಡೋ! ಬಿಡೋ ನಾಯಿ!” ಸ್ವಿಂಡನ್ನಿನ ಮುದುಕ ಕುಂಟುತ್ತ ಬಂದು ಕೋಲಿನಿಂದ ಟ್ರೆವರನ ಬೆನ್ನಿಗೆ ಬಾರಿಸಿದ. ಟ್ರೆವರ್ ತಿರುಗಿ ಅವನ ಎದೆಗೆ ನೂಕಿದ. ಮುದುಕ ಕೂರುವವನಂತೆ ಹಿಂದಕ್ಕೆ ಬಿದ್ದ. ಅಷ್ಟರಲ್ಲಿ ಕಾವಲಿನವರು ಬಂದು ಮೇಲೆ ಬಿದ್ದರು. ಒಬ್ಬನ ಮೂಗಿನಿಂದ ರಕ್ತ ಬಂತು. ಕೊನೆಗೆ ಟ್ರೆವರನ ಕೆನ್ನೆ ನೆಲಹಾಸಿಗೆ ಒತ್ತಿಕೊಂಡಿತು, ಒಬ್ಬನ ಮಂಡಿ ಅವನ ಬೆನ್ನ ಮೇಲೆ, ಎಡಗೈ ಹಿಂದಕ್ಕೆ ತಿರುಚಿತ್ತು. ಬಲಗೈ ಮಾತ್ರ ಮುಂದಕ್ಕೆ ಚಾಚಿ ನೆಲದ ಮೇಲೆ ಬೆರಳು ಬಿಡಿಸಿಕೊಂಡು ಬಿದ್ದಿತ್ತು.

ಶೆರಿಲ್ ಗ್ಲೆಂಡಾಳನ್ನು ಹಿಡಿದು ಎಬ್ಬಿಸಿದಳು.

“ಗ್ಲೆನ್,” ಎಂದ ಟ್ರೆವರ್ ನೆಲದಿಂದ. ದನಿ ಮೆತ್ತಗಾಗಿತ್ತು. “ಹೇಳು ಇವರಿಗೆ. ನೀನೇ ಎಡವಿ ಬಿದ್ದೆ ಅಂತ ಹೇಳು ಚಿನ್ನ. ಯಾವಾಗ್ಲೂ ಹೇಳ್ತೀಯಲ್ಲ.”

ಅವಳು ಎರಡು ಹೆಜ್ಜೆ ಮುಂದೆ ಬಂದಳು. ಹಡಗಿನ ಊಟದ ಹಜಾರಕ್ಕೆಂದು ಕೊಂಡ ಬೂಟು, ಗಟ್ಟಿ ಹಿಮ್ಮಡಿಯದು. ಬಲಗಾಲನ್ನು ಎತ್ತಿ ಆ ಬೆರಳುಗಳ ಮೇಲೆ ಇಟ್ಟಳು. ಮೈಯ ಭಾರವನ್ನೆಲ್ಲ ನಿಧಾನವಾಗಿ ಆ ಕಾಲಿಗೆ ತಂದಳು, ಎಡಗಾಲು ನೆಲ ಬಿಡುವವರೆಗೆ. ಏನೋ ಮುರಿಯಿತು, ಅದು ಅಂಗಾಲಿಗೆ ಗೊತ್ತಾಯಿತು. ಇನ್ನೊಂದು ಮುರಿಯುವವರೆಗೆ ಹಾಗೇ ನಿಂತಳು. ಟ್ರೆವರ್ ಚೀರುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಅದು ಎಲ್ಲರ ಚೀರಾಟದ ಹಾಗೆಯೇ ಇತ್ತು.

ಅವನ ಬೆನ್ನ ಮೇಲಿದ್ದ ಕಾವಲಿನವನು ಅವಳ ಬೂಟನ್ನು ನೋಡಿದ, ಆಮೇಲೆ ಗಾಜಿನ ಕಡೆ ನೋಡಿದ.

ಪೊಲೀಸರು ಬಂದು ಟ್ರೆವರನನ್ನು ಎತ್ತಿಕೊಂಡು ಹೋದರು. ಚಿಕ್ಕ ವಯಸ್ಸಿನ ಪೊಲೀಸಿನವನೊಬ್ಬ ಗ್ಲೆಂಡಾಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೇಳಿಕೆ ಬೇಕು, ಆಸ್ಪತ್ರೆಗೂ ಹೋಗಬೇಕು, ಹಡಗು ಇನ್ನೊಂದು ಸಲ ಹತ್ತಬಹುದು ಎಂದ.

“ಏನು ಹೇಳಲಿ?” ಎಂದಳು ಗ್ಲೆಂಡಾ. ಮಾತು ಊದಿದ ತುಟಿಯಲ್ಲಿ ತೊದಲಿತು. “ನೋಡಿದವರು ಇಷ್ಟು ಜನ ಇದಾರೆ. ಅವರನ್ನ ಕೇಳಪ್ಪ.”

“ನಾನು ಹೇಳ್ತೀನಿ,” ಎಂದಳು ಶೆರಿಲ್. “ಮೊದಲಿಂದ ಕೊನೇತನಕ ನೋಡಿದೀನಿ. ಕ್ಯಾಮೆರಾನೂ ಇದೆ. ಅವರ ವಿಳಾಸ, ಬರೋ ದಿನ ಎಲ್ಲಾ ನನ್ನ ಹತ್ರ ಇದೆ. ಹಡಗಲ್ಲಿ ಡಾಕ್ಟರಿದಾರೆ, ನಾನೇ ಫೋನ್ ಮಾಡ್ತೀನಿ.”

“ಅವರು ಆ ವ್ಯಕ್ತಿಯ ಕೈಯನ್ನ…” ಎಂದು ಪೊಲೀಸಿನವನು ಶುರುಮಾಡಿದ.

“ನಾನು ನೋಡಿಲ್ಲ,” ಎಂದಳು ಶೆರಿಲ್.

ಕುರ್ಚಿಯಲ್ಲಿ ಕೂತು ಉಸಿರು ಹಿಡಿಯುತ್ತಿದ್ದ ಮುದುಕ ಕೋಲೆತ್ತಿದ. “ನಾನೂ ನೋಡಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ.”

ಪೊಲೀಸಿನವನು ಗ್ಲೆಂಡಾಳ ನಂಬರು ಬರೆದುಕೊಂಡು ಎದ್ದ. ಬಾರ್ಸಿಲೋನಾದಿಂದ ಬಂದ ದಿನವೇ ಠಾಣೆಗೆ ಬರಬೇಕು ಎಂದ. ಬರುತ್ತೇನೆ ಎಂದಳು.

“ನಿಮ್ಮ ಗಂಡನ ಪೆಟ್ಟಿಗೆ ಹಡಗಿಗೆ ಹೋಗಿಬಿಟ್ಟಿದೆ,” ಎಂದಳು ಶೆರಿಲ್. “ಇಳಿಸೋಕೆ ಹೇಳ್ತೀನಿ. ನಿಮಗೆ ಅದರೊಳಗಿಂದ ಏನಾದ್ರೂ ಬೇಕಾ?”

“ಏನೂ ಬೇಡ.”

ಶೆರಿಲ್ ಗ್ಲೆಂಡಾಳ ಪಾಸ್‌ಪೋರ್ಟನ್ನು ಯಂತ್ರದ ಮೇಲೆ ಇನ್ನೊಮ್ಮೆ ಇಟ್ಟಳು. ಹಸಿರು ಬಂತು.

ಹಡಗು ಹತ್ತುವ ಸೇತುವೆ ಓರೆಯಾಗಿ ಮೇಲಕ್ಕೆ ಹೋಗುತ್ತಿತ್ತು. ಅವಳು ಪಕ್ಕೆ ಹಿಡಿದುಕೊಂಡು, ನಡುನಡುವೆ ನಿಂತು, ನಡೆದಳು. ಹಿಂದೆ ಯಾರೂ ಇರಲಿಲ್ಲ. ತುದಿಯಲ್ಲಿ, ಹಡಗಿನ ಬಾಗಿಲಿಗೆ ಅಡ್ಡವಾಗಿ ಫಿಲಿಪೀನ್ಸಿನ ಯುವಕನೊಬ್ಬ ಕೈತೊಳೆಯುವ ಔಷಧಿಯ ಸೀಸೆ ಹಿಡಿದು ನಿಂತಿದ್ದ. ರೋಗ ಹರಡದಿರಲೆಂದು ಒಳಗೆ ಕಾಲಿಡುವ ಪ್ರತಿಯೊಬ್ಬರ ಕೈಗೂ ಅದನ್ನು ಹಾಕುವುದು ಅವನ ಕೆಲಸ.

“ಕೈ ಕೈ ತೊಳಿಯಿರಿ, ನಗು ನಗುತಾ ಬನ್ನಿರಿ,” ಎಂದು ಅವನು ಹಾಡುತ್ತಿದ್ದ. ಅವಳ ಮುಖ ಕಂಡು ಹಾಡು ನಿಂತಿತು.

“ಅಮ್ಮಾ,” ಎಂದ. “ಡಾಕ್ಟರನ್ನ ಕರೀಲಾ?”

“ಕರೀತಾರಂತೆ.” ಅವಳು ಸೀಳಿದ ಅಂಗೈಯನ್ನೇ ಮುಂದೆ ಚಾಚಿದಳು.

“ಇದಕ್ಕೆ ಬೇಡಮ್ಮಾ. ಉರಿಯುತ್ತೆ.”

“ಎಲ್ಲರಿಗೂ ಹಾಕ್ತೀಯಲ್ಲ,” ಎಂದಳು. “ಹಾಕು.”

ಅವನು ಒಂದೇ ಹನಿ ಹಾಕಿದ. ಅದು ಗಾಯದೊಳಕ್ಕೆ ಇಳಿಯಿತು. ಗ್ಲೆಂಡಾ ಕಣ್ಣು ಮುಚ್ಚಲಿಲ್ಲ. ಉರಿ ಮಣಿಕಟ್ಟಿನವರೆಗೆ ಏರುವುದನ್ನು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದನ್ನು, ಆಮೇಲೆ ತಾನಾಗಿ ತಣ್ಣಗಾಗುವುದನ್ನು ನೋಡುತ್ತ ನಿಂತಿದ್ದಳು. ಕೆಳಗೆ, ಸೇತುವೆ ಮತ್ತು ಹಡಗಿನ ನಡುವಿನ ಸಂದಿಯಲ್ಲಿ, ನೀರು ಒಮ್ಮೆ ಮೇಲೆ ಬಂದು ಕೆಳಗಿಳಿಯಿತು.

ಅವಳು ಇನ್ನೊಂದು ಕೈಯನ್ನೂ ಚಾಚಿದಳು.