ನೆಟ್ಟಗೆ ನಿಲ್ಲಿಸಿದ ಪ್ರಾಣಿ

ವಸ್ತುಸಂಗ್ರಹಾಲಯದ ದೊಡ್ಡ ಹಾಲಿನಲ್ಲಿದ್ದ ಬೇಟೆಗಾರ ಡೈನೋಸಾರನ್ನು ಬಿಚ್ಚಿ ಹೊಸದಾಗಿ ನಿಲ್ಲಿಸಬೇಕು ಎಂದು ತೀರ್ಮಾನವಾದ ದಿನದಿಂದ ಅಪ್ಪ ಮೊಳೆಯ ಜೊತೆ ಮಾತು ಬಿಟ್ಟಿದ್ದ. ಮೊಳೆ ಅವನ ಒಬ್ಬಳೇ ಮಗಳು. ಹುಟ್ಟಿದಾಗ ತೀರಾ ಸಣಕಲಿದ್ದಳೆಂದು ಅವನೇ ಇಟ್ಟ ಅಡ್ಡಹೆಸರು. ಕಬ್ಬಿಣದ ಸರಳು ಬಗ್ಗಿಸಿ ಮೂಳೆ ಜೋಡಿಸುವ ಅವನ ಕೆಲಸವೇ ಈಗ ಅವಳ ಕೆಲಸ. ಆ ಪ್ರಾಣಿಯನ್ನು ಮೊದಲು ನಿಲ್ಲಿಸಿದ್ದು ಅಪ್ಪ, ಬಿಚ್ಚುವ ಸರದಿ ಮಗಳದ್ದು. ಇಂಥ ಬಡ್ತಿ ಶತ್ರುವಿಗೂ ಬೇಡ.

ಅಪ್ಪ ಅದನ್ನು ನೆಟ್ಟಗೆ ನಿಲ್ಲಿಸಿದ್ದ. ತಲೆ ಚಾವಣಿಯ ಹತ್ತಿರ, ಬಾಲ ನೆಲದ ಮೇಲೆ. ಆಗ ಎಲ್ಲರೂ ಹಾಗೇ ನಿಲ್ಲಿಸುತ್ತಿದ್ದರು. ಈಗ ತಿಳಿದಿರುವುದೇ ಬೇರೆ. ಅದರ ಸೊಂಟ ತಕ್ಕಡಿಯ ನಡುವಿದ್ದಂತೆ. ಮುಂದೆ ಭಾರದ ತಲೆ, ಹಿಂದೆ ಅದನ್ನು ತೂಗುವ ಬಾಲ. ಬಾಲದ ಬುಡದಿಂದ ತೊಡೆಗೆ ಬರುವ ದಪ್ಪ ಸ್ನಾಯು ಕಾಲನ್ನು ಹಿಂದಕ್ಕೆ ಎಳೆದಾಗಲೇ ಮೈ ಮುಂದಕ್ಕೆ ನುಗ್ಗುತ್ತಿತ್ತು. ಬಾಲ ಎಳೆದುಕೊಂಡು ಹೋಗುವ ಪ್ರಾಣಿಗೆ ಬೇಟೆ ಹಾಗಿರಲಿ, ನೆಟ್ಟಗೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ.

ಊಟಕ್ಕೆ ಕೂತಾಗ ಮೊಳೆ ಇದನ್ನೆಲ್ಲ ಹೇಳಿದಳು. ಅಪ್ಪ ಅಮ್ಮನ ಕಡೆ ತಿರುಗಿದ.

“ನಿನ್ನ ಮಗಳಿಗೆ ಹೇಳು. ನಲವತ್ತು ವರ್ಷ ಅದು ಬಿದ್ದಿಲ್ಲ.”

“ಬೀಳದೆ ಇರೋದು ಹಿಂದಿರೋ ಕಂಬದಿಂದ ಕಣಮ್ಮ. ಕಾಲಿಂದ ಅಲ್ಲ.”

“ನಾನೇನು ಪೋಸ್ಟ್‌ಮ್ಯಾನಾ? ಒಂದೇ ಮೇಜಲ್ಲಿ ಕೂತಿದ್ದೀರಿ, ನೀವೇ ಮಾತಾಡ್ಕೊಳ್ಳಿ,” ಎಂದು ಅಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಿಗೆ ಒತ್ತಿಟ್ಟಿದ್ದ ಚಪ್ಪಟೆ ಕಲ್ಲನ್ನು ಕಾಲಿನಿಂದ ಸರಿಪಡಿಸಿದಳು. ಗಾಳಿಗೆ ಬಡಿಯುವ ಆ ಬಾಗಿಲಿಗೆ ಮೊಳೆ ಹುಟ್ಟುವ ಮೊದಲಿನಿಂದಲೂ ಅದೇ ಆಸರೆ. ಅಮ್ಮ ಅಕ್ರೋಟು ಒಡೆಯುತ್ತಿದ್ದುದೂ ಅದರಲ್ಲೇ.

ಅಪ್ಪ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಎಂದು ಮೊಳೆಗೆ ಗೊತ್ತಿತ್ತು. ಅವನು ಒಪ್ಪಬೇಕೆಂದೇನೂ ಅವಳಿಗಿರಲಿಲ್ಲ. ಪ್ರಾಣಿ ಹೊಸ ಭಂಗಿಯಲ್ಲಿ ನಿಂತ ದಿನ ಅವನು ಬಂದು ನೋಡಬೇಕು, ಅವಳ ಮುಖ ನೋಡಿ ಒಂದು ಮಾತಾಡಬೇಕು. ಬೈದರೂ ಸರಿಯೇ.

ತಲೆ, ಕುತ್ತಿಗೆ, ಪಕ್ಕೆಲುಬು ಒಂದೊಂದಾಗಿ ಇಳಿದವು. ಬಾಲದ ಬುಡದ ಪ್ರತಿ ಮೂಳೆಯ ಮೇಲೂ ಚಪ್ಪಟೆ ಹಲಗೆಯಂಥ ಭಾಗ ಎದ್ದು ನಿಂತಿರುತ್ತದೆ. ಸೊಂಟದ ಹಿಂದಿನ ಒಂದು ಮೂಳೆಯಲ್ಲಿ ಆ ಜಾಗಕ್ಕೆ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದಿತ್ತು. ಕೆರೆದು ನೋಡಿದಳು. ಒಳಗೆ, ಕಾಲಾಂತರದಲ್ಲಿ ಕಲ್ಲಾಗಿ ಹೋದ ಆ ಮೂಳೆಯ ಮೇಲೆ, ನೇರವಾದ ಗರಗಸದ ಗುರುತು, ಮೂಲೆಯಲ್ಲಿ ಗರಗಸ ಜಾರಿ ಹೊಡೆದ ಇನ್ನೊಂದು ಗೆರೆ. ಮೈಯನ್ನು ಮೇಲೆತ್ತಿ ಬಾಲವನ್ನು ನೆಲಕ್ಕೆ ಇಳಿಸಹೊರಟರೆ ಈ ಹಲಗೆಗಳು ಒಂದಕ್ಕೊಂದು ತಾಗಿ ತಡೆಯುತ್ತವೆ. ಬಾಗಲಿ ಎಂದು ಯಾರೋ ಕೊಯ್ದಿದ್ದಾರೆ ಎಂದುಕೊಂಡಳು. ಆ ಯಾರೋ ಯಾರೆಂದು ಗೊತ್ತಿದ್ದೂ ಹಾಗೆ ಅಂದುಕೊಂಡಳು.

ಸಂಜೆ ಮನೆಗೆ ಬಂದವಳ ಕಣ್ಣು ಅಡುಗೆಮನೆ ಬಾಗಿಲಿನ ಕಲ್ಲಿನ ಮೇಲೆ ಬಿತ್ತು. ಎತ್ತಿ ತಿರುಗಿಸಿದಳು. ಒಂದು ಅಂಚು ನೇರವಾಗಿ ಕೊಯ್ದದ್ದು, ಮೂಲೆಯಲ್ಲಿ ಜಾರಿದ ಗೆರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಅವಳು ಏನೂ ಅನ್ನುವ ಮೊದಲೇ ಅಪ್ಪ ಪೇಪರ್ ಮಡಚಿಟ್ಟ.

“ಯಾರು ಹೇಳಿದ್ದು ಕೊಯ್ಯೋಕೆ?” ಎಂದಳು ಮೊಳೆ.

“ಯಾರೂ ಹೇಳಲಿಲ್ಲ,” ಎಂದ ಅಪ್ಪ, ಅವಳ ಮುಖ ನೋಡದೆ. “ಬಾಲ ಬಗ್ಗೋದಿಲ್ಲ ಅಂತ ಮೂಳೆನೇ ಹೇಳ್ತಿತ್ತು. ನನಗೆ ಎತ್ತರ ಬೇಕಿತ್ತು. ಬಂದೋರು ಕತ್ತೆತ್ತಿ ನೋಡಬೇಕು ಅಂತ.”

“ಮತ್ತೆ ಇದನ್ನ ಯಾಕೆ ಇಟ್ಕೊಂಡೆ?”

“ಎಸೆಯೋಕೆ ಕೈ ಬರಲಿಲ್ಲ. ಕಣ್ಣಿಗೆ ಬೀಳ್ತಾ ಇರಲಿ ಅಂತ ಬಾಗಿಲಿಗಿಟ್ಟೆ. ಆಮೇಲೆ ಅದೂ ಒಂದು ಕಲ್ಲೇ ಆಗೋಯ್ತು.”

“ಇಷ್ಟು ವರ್ಷ ಅದರಲ್ಲಿ ಅಕ್ರೋಟು ಒಡೆದೆನಲ್ಲ,” ಎಂದಳು ಅಮ್ಮ ಒಳಗಿನಿಂದ. “ಒಂದು ಮಾತು ಹೇಳಬಾರದಿತ್ತಾ?”

ಮೊಳೆಗೆ ಸಿಟ್ಟು ನೆತ್ತಿಗೇರಿತು. ಅದು ಕೊಯ್ದದ್ದಕ್ಕಲ್ಲ, ಎಲ್ಲ ಗೊತ್ತಿದ್ದೂ ತನ್ನ ಮೇಲೆ ಮುನಿಸಿಕೊಂಡು ಕೂತದ್ದಕ್ಕೆ.

“ನಾಳೆ ನನ್ನ ಜೊತೆ ಬಾ. ಕೊಯ್ದ ಕೈಯೇ ಅಂಟಿಸಲಿ.”

“ಎಲ್ಲರ ಎದುರಾ?”

“ಎಲ್ಲರ ಎದುರೇ.”

ಬೆಳಿಗ್ಗೆ ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟ. ಅವರಿಬ್ಬರೂ ಗೇಟು ದಾಟುವ ಮೊದಲೇ ಅಡುಗೆಮನೆಯ ಬಾಗಿಲು ಧಡ್ ಎಂದು ಬಡಿಯಿತು. ಸಂಗ್ರಹಾಲಯ ನೋಡಿಕೊಳ್ಳುವ ಮೇಡಂ ನಡೆದದ್ದನ್ನು ಪೂರ್ತಿ ಕೇಳಿದರು, ಅಪ್ಪನ ಕೈಗೆ ಅಂಟಿನ ಡಬ್ಬಿ ಕೊಟ್ಟರು. ಅವನು ಅಂಟಿಸುವಾಗ ಮೊಳೆ ಮೂಳೆಯನ್ನು ಅಲುಗಾಡದಂತೆ ಹಿಡಿದುಕೊಂಡಳು.

ಪ್ರಾಣಿ ಮತ್ತೆ ನಿಂತ ದಿನ ಅಪ್ಪ ಕರೆಯದೆಯೇ ಬಂದ. ಬೆನ್ನು ನೆಲಕ್ಕೆ ಸಮನಾಗಿತ್ತು, ಬಾಲ ಹಿಂದೆ ಗಾಳಿಯಲ್ಲಿ ಚಾಚಿತ್ತು, ಒಂದು ಕಾಲು ಮುಂದಿತ್ತು. ಅಪ್ಪ ರೂಢಿಯಂತೆ ಕತ್ತೆತ್ತಿದ. ಅಲ್ಲಿ ಚಾವಣಿ ಮಾತ್ರ ಇತ್ತು. ತಲೆ ಕೆಳಗಿಳಿದು ಅವನ ಎದುರಿಗೇ ಬಂದಿತ್ತು, ಕಣ್ಣಿನ ಗುಳಿಗಳೆರಡೂ ಮುಂದಕ್ಕೆ, ಬೇಟೆ ಎಷ್ಟು ದೂರದಲ್ಲಿದೆ ಎಂದು ಅಳೆಯುವುದಕ್ಕೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಮಗಳ ಮುಖ ನೋಡಿದ.

“ಇಷ್ಟು ವರ್ಷ ಇದರ ಜೊತೆ ಇದ್ದೆ ಕಣೇ ಮೊಳೆ,” ಎಂದ. “ಒಂದು ದಿನಾನೂ ಭಯ ಆಗಿರಲಿಲ್ಲ.”