ರಕ್ತವಿಲ್ಲದ ಹದಿನೇಳನೇ ತಾರೀಖು

ತಿಂಗಳ ಕೊನೆಯ ಭಾನುವಾರ ಪತ್ರಿಕೆಯಲ್ಲಿ ಇಡೀ ಒಂದು ಪುಟ ಬರುತ್ತಿತ್ತು. ಮುಂದಿನ ತಿಂಗಳ ಯಾವ ತಾರೀಖಿನಂದು ಹಿಂದೆ ಲೋಕದಲ್ಲಿ ಏನೇನಾಗಿತ್ತು ಎಂಬ ವಿವರ. ಬರೆಯುತ್ತಿದ್ದವಳು ಅಲ್ಲಿಯ ಉಪಸಂಪಾದಕಿ. ಅದನ್ನು ಯಾರಾದರೂ ಓದುತ್ತಾರೆಂದು ಅವಳೇ ನಂಬಿರಲಿಲ್ಲ, ತಾನು ಮದುವೆಯಾಗಬೇಕೆಂದಿದ್ದ ಹುಡುಗನ ಅಪ್ಪನನ್ನು ಕಾಣುವವರೆಗೆ.

ಹುಡುಗ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ಅಪ್ಪ ನಿವೃತ್ತ ಲಿಫ್ಟ್ ಪರೀಕ್ಷಕ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಬೀದಿಯವರೆಲ್ಲ ಅವನನ್ನು ತಾರೀಖಪ್ಪ ಎನ್ನುತ್ತಿದ್ದರು. ರಾಜನ ತಲೆ ಕಡಿದ ದಿನ ಅವನು ಕ್ಷೌರದಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಹಡಗು ಮುಳುಗಿದ ದಿನ ಸ್ನಾನವೇ ಇಲ್ಲ.

"ಹನ್ನೆರಡಕ್ಕೆ ಮದುವೆ ಇಟ್ಕೊಳ್ಳೋಣ ಅಂತಿದೀವಿ ಮಾವ," ಎಂದಳು ಅವಳು.

"ಅವತ್ತು ಸೇತುವೆ ಬಿದ್ದಿದೆಯಮ್ಮ. ನೀನೇ ಬರೆದಿದೀಯ."

"ಹದಿನಾಲ್ಕು?"

"ಭೂಕಂಪ."

"ಇಪ್ಪತ್ತು?"

"ಎರಡು ದೇಶ ಯುದ್ಧಕ್ಕೆ ನಿಂತಿವೆ. ಮದುವೆ ದಿನಾನೇ ಯಾಕೆ? ಆಮೇಲೆ ಹೇಗೂ ಇದ್ದದ್ದೇ."

ಅವಳು ಕಚೇರಿಗೆ ಹೋಗಿ ಮುಂದಿನ ತಿಂಗಳನ್ನು ಜಾಲಾಡಿದಳು. ಕೊಲೆಯಾಗದ, ಏನೂ ಸುಟ್ಟುಹೋಗದ ತಾರೀಖು ಒಂದೂ ಸಿಗಲಿಲ್ಲ. ಕೊನೆಗೆ ಹದಿನೇಳನ್ನು ಹಿಡಿದು ಅದರಿಂದ ಬೆಂಕಿ, ಪ್ಲೇಗು, ಇಬ್ಬರು ಮಂತ್ರಿಗಳ ಹತ್ಯೆ ಎಲ್ಲವನ್ನೂ ಕಿತ್ತು ಹಾಕಿದಳು. ಉಳಿದದ್ದು ಇಷ್ಟು: ಒಂದು ವಾಚನಾಲಯ ಬಾಗಿಲು ತೆರೆದದ್ದು, ಬಲೂನಿನಲ್ಲಿ ಹೋದವನೊಬ್ಬ ಕ್ಷೇಮವಾಗಿ ಇಳಿದದ್ದು.

"ಹದಿನೇಳು ಬೋಳುಬೋಳಾಗಿದೆಯಲ್ಲಮ್ಮ?" ಎಂದ ಸಂಪಾದಕ.

"ಅವತ್ತು ಎಲ್ಲರೂ ಸುಮ್ನಿದ್ರು ಸರ್."

ಭಾನುವಾರ ಬೆಳಗ್ಗೆಯೇ ತಾರೀಖಪ್ಪ ಪತ್ರಿಕೆ ಬೀಸುತ್ತ ಅವಳ ಮನೆಗೆ ಓಡಿ ಬಂದ. "ಹದಿನೇಳು! ಒಂದು ಹನಿ ರಕ್ತ ಇಲ್ಲ! ನೋಂದಣಿ ಕಚೇರಿಗೆ ನಾನೇ ಕರ್ಕೊಂಡು ಹೋಗ್ತೀನಿ."

ಊರಿನಲ್ಲಿ ಬಾಯಿಬಿಡದ ತಾರೀಖಪ್ಪಂದಿರು ಎಷ್ಟು ಮಂದಿ ಇದ್ದಾರೆಂದು ಹದಿನೇಳರಂದು ಗೊತ್ತಾಯಿತು. ನೋಂದಣಿ ಕಚೇರಿಯಲ್ಲಿ ವಧೂವರರ ಸಾಲು ಮೆಟ್ಟಿಲಿಳಿದು ಟೈರ್ ಅಂಗಡಿಯ ಮೂಲೆ ತಿರುಗಿತ್ತು. ಮನೆ ಬದಲಿಸುವವರ ಬೀರುಗಳು ರಸ್ತೆಗೆ ಅಡ್ಡ ನಿಂತಿದ್ದವು. ದಂತವೈದ್ಯರ ಬಾಗಿಲಲ್ಲಿ ಕೆನ್ನೆ ಹಿಡಿದವರ ಜಾತ್ರೆ. ಒಳ್ಳೆಯ ದಿನವೆಂದು ವಿಚ್ಛೇದನಕ್ಕೆ ಬಂದವರೂ ಇದ್ದರು.

ಮಧ್ಯಾಹ್ನದ ಹೊತ್ತಿಗೆ ನೋಂದಣಾಧಿಕಾರಿ ತಲೆ ಎತ್ತುವುದನ್ನೇ ಬಿಟ್ಟಿದ್ದ. "ನಮ್ಮ ಸರದಿ ಯಾವಾಗ ಅಂತ ಕೇಳ್ಕೊಂಡು ಬರ್ತೀನಿ," ಎಂದು ತಾರೀಖಪ್ಪ ಜನರ ನಡುವೆ ನುಗ್ಗಿ ಮೇಜಿನ ಮುಂದೆ ನಿಂತ. ಪಕ್ಕದಲ್ಲಿ, ಅಕ್ಕನ ಮಗಳ ಮದುವೆಗೆ ಸಾಕ್ಷಿಯಾಗಿ ಬಂದಿದ್ದ ನಿವೃತ್ತ ಹೊಲಿಗೆ ಟೀಚರು.

"ಹೆಸರು ಹೇಳಿ. ಇಲ್ಲಿ ಸಹಿ. ನೀವು ಇಲ್ಲಿ," ಎಂದ ಅಧಿಕಾರಿ.

ಸಾಕ್ಷಿಯ ಸಹಿ ಇರಬೇಕೆಂದುಕೊಂಡು ಇಬ್ಬರೂ ಹಾಕಿದರು. ಸೀಲು ಧಪ್ಪನೆ ಬಿತ್ತು.

"ಸುಖವಾಗಿ ಬಾಳಿ. ಮುಂದಿನವರು!"

ಟೀಚರು ಕಾಗದ ಓದಿದರು. "ಏನ್ರೀ ಇದು? ನನ್ನನ್ನ ಯಾರಿಗೆ ಕೊಟ್ಬಿಟ್ರಿ?"

"ಸೀಲ್ ಬಿದ್ದ ಮೇಲೆ ನನ್ನ ಕೈಲಿಲ್ಲಮ್ಮ. ಬೇಡ ಅಂದ್ರೆ ಬೇರೆ ದಿನ ಇಬ್ಬರೂ ಬಂದು ರದ್ದು ಮಾಡಿಸ್ಕೊಳ್ಳಿ," ಎಂದ ಅವನು. ಸಂಜೆ ಐದಾಗುತ್ತಲೇ ಮೇಜಿಗೆ ಬೀಗ ಜಡಿದ. ಹೊರಗೆ ಹುಡುಗ, ಹುಡುಗಿ ಹೊಸ ಬಟ್ಟೆಯಲ್ಲಿ ಬೆವರುತ್ತ ನಿಂತೇ ಇದ್ದರು.

ಮರುದಿನ ಇಬ್ಬರೂ ಯಾರಿಗೂ ಹೇಳದೆ ಹೋಗಿ ಮದುವೆಯಾದರು. ಅಂದು ರೈಲು ಹಳಿ ತಪ್ಪಿದ ದಿನ; ಕಚೇರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಧಿಕಾರಿ ಅವರಿಬ್ಬರಿಗೆ ಕುರ್ಚಿ ಹಾಕಿಸಿ ನೀರು ಕೊಟ್ಟ.

ತಾರೀಖಪ್ಪನ ಮದುವೆ ರದ್ದಾಗುವುದು ಮಾತ್ರ ಸುಲಭವಾಗಲಿಲ್ಲ. ಟೀಚರು ವಾರವಾರ ಮನೆಗೆ ಬಂದು ದಬಾಯಿಸುತ್ತಿದ್ದರು.

"ನಾಳೆ ಹೋಗೋಣ ನಡೀರಿ."

"ನಾಳೆ ಸೇನಾಪತಿ ಕುದುರೆಯಿಂದ ಬಿದ್ದಿದಾನೆ."

"ನಾಡಿದ್ದು?"

"ಹಡಗು ಮುಳುಗಿದೆ. ಅವತ್ತು ನಾನು ಸ್ನಾನ ಕೂಡ ಮಾಡಲ್ಲ."

"ಮುಳುಗಿದ್ದು ಸಮುದ್ರದಲ್ಲಿ ಕಣ್ರೀ, ನಿಮ್ಮ ಬಕೆಟ್ಟಲ್ಲಲ್ಲ!" ಎಂದು ಟೀಚರು ನಾಡಿದ್ದು ತಾವೇ ಬಂದು ನೀರು ಕಾಯಿಸಿದರು. ತಾರೀಖಪ್ಪ ಬಚ್ಚಲಿಂದ ಜೀವಸಹಿತ ಹೊರಬಂದು, ತನ್ನ ಕೈಕಾಲುಗಳನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಬಹಳ ದಿನಗಳಲ್ಲಿ ಮೊದಲ ಬಾರಿಗೆ ನಕ್ಕ.

ಕಾಯುವ ಬೇಸರಕ್ಕೆ ಟೀಚರು ಅವನ ಜೋಲು ಅಂಗಿಗಳನ್ನು ಒಂದೊಂದಾಗಿ ಅಳತೆಗೆ ತಂದರು. ಕೈಹೊಲಿಗೆ ಸಾಲದಾಯಿತು. ಒಂದು ಸಂಜೆ ಕೈಗಾಡಿಯಲ್ಲಿ ಅವರ ಹೊಲಿಗೆಯಂತ್ರ ಬಂತು. ಮೇಜುಸಮೇತ ಇಕ್ಕಟ್ಟಿನ ಬಾಗಿಲಲ್ಲಿ ಹಿಡಿಸದೆ, ಮಗನೂ ಸೊಸೆಯೂ ಸೇರಿ ಕಿಟಕಿಯಿಂದ ಎತ್ತಿ ಒಳಗಿಳಿಸಿದರು.

"ಎಲ್ಲಿಡೋಣ ಅತ್ತೆ?" ಎಂದಳು ಸೊಸೆ, ಏದುಸಿರು ಬಿಡುತ್ತ.

"ಬೆಳಕಿರೋ ಕಡೆ," ಎಂದರು ಟೀಚರು.